ಅಣ್ಣ ಕೂರಿಸಿದ ಡೀಸೆಲ್ ಎಂಜಿನ್

ನನ್ನ ಕಾರು ಓಡುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಈಗಲೂ ಮೈ ಉರಿಯುತ್ತದೆ. ಓಡುತ್ತಿತ್ತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವಾಗ ಬಿಸಿಲಿಗೆ ಕಾದು ತೆಕ್ಕಲಕೋಟೆಯ ಹತ್ತಿರ ಒಮ್ಮೆ ನಿಲ್ಲುತ್ತಿತ್ತು, ಅಷ್ಟೆ. ಬೇವಿನ ನೆರಳಲ್ಲಿ ಅರ್ಧ ಗಂಟೆ ಆರಲು ಬಿಟ್ಟು, ನೀರು ಹಾಕಿದರೆ ಮತ್ತೆ ಹೊರಡುತ್ತಿತ್ತು. ನನಗಿಲ್ಲದ ಅವಸರ ಊರವರಿಗೆ ಯಾಕೆ?

ಎಪ್ಪತ್ತರ ದಶಕದ ಕೊನೆಯ ಮಾತು. ಬಳ್ಳಾರಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ, ಆಗುವ ಮನಸ್ಸೂ ಇರಲಿಲ್ಲ. ನನ್ನ ಸಂಬಳದಲ್ಲಿ ಕೊಂಡ ಹಳೆಯ ಕಾರದು: ತಿಳಿನೀಲಿ ಬಣ್ಣ, ಎರಡೇ ಬಾಗಿಲು, ಪೆಟ್ರೋಲ್ ಎಂಜಿನ್. ರೈಲ್ವೆ ಗೇಟಿನಲ್ಲಿ ನಿಂತಾಗ ಎಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕಿತ್ತು. ನನಗೆ ಆ ಮೆತ್ತನೆಯ ಸದ್ದು ಇಷ್ಟ. ಮಿರ್ಚಿ ಬಜ್ಜಿ ಯಾಕೆ ಇಷ್ಟ ಎಂದು ಯಾರಾದರೂ ಕಾರಣ ಕೊಡುತ್ತಾರೆಯೇ?

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನನ್ನ ಅಣ್ಣನಿಗೆ ಮಾತ್ರ ಕಾರಣ ಬೇಕಿತ್ತು. ಹೋದಾಗಲೆಲ್ಲ ಒಂದೇ ರಾಗ.

"ತಂಗೀ, ಇದು ಎಷ್ಟು ಎಳಿತೈತಿ?"

"ಎಳಿಯಾಕ ಇದೇನ್ ನಿನ್ನ ಟ್ರ್ಯಾಕ್ಟರೇನು? ಕುಂದ್ರಾಕಿ ನಾ ಒಬ್ಬಾಕಿ."

ಒಂದು ಬೇಸಿಗೆಯಲ್ಲಿ ತರಬೇತಿಗೆಂದು ಹದಿನೈದು ದಿನ ಬೇರೆ ಊರಿಗೆ ಹೋಗಬೇಕಾಯಿತು. ಕಾರನ್ನು ಗಿರಣಿಯ ಶೆಡ್ಡಿನಲ್ಲಿ ಬಿಟ್ಟೆ. ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯಿತು. ಆಗ ನಮ್ಮ ಕಡೆ ಪೆಟ್ರೋಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಹುಚ್ಚು. ಕುರುಗೋಡಿನ ಒಬ್ಬ ಮೇಸ್ತ್ರಿ ಅದರಲ್ಲಿ ಹೆಸರು ಮಾಡಿದ್ದ.

ನಾನು ತಿರುಗಿ ಬಂದಾಗ ಕಾರಿಗೆ ಹೂವಿನ ಹಾರ ಹಾಕಿಸಿ ಅಣ್ಣ ಹಲ್ಲು ಕಿಸಿಯುತ್ತ ನಿಂತಿದ್ದ. ಡೀಸೆಲ್ ಎಂಜಿನ್ ಹಿಡಿಸದೆ ಬಾನೆಟ್ಟನ್ನು ಬಡಿದು ಉಬ್ಬಿಸಿದ್ದರು. ಕೀಲಿ ತಿರುಗಿಸಿದ. ಹಿಟ್ಟಿನ ಗಿರಣಿಯ ಹಾಗೆ ಗಡಗಡ ಸದ್ದು. ಕಿಟಕಿಯ ಗಾಜುಗಳೆಲ್ಲ ನಡುಗಿದವು.

"ಹೆಂಗೈತಿ? ರಾರಾವಿಗೆ ಹೋಗಿ ಬಂದೀನಿ, ಒಂದ್ ಹನಿ ನೀರು ಕೇಳಲಿಲ್ಲ!"

"ಯಾರನ್ನ ಕೇಳಿ ಮಾಡಿಸಿದಿ?"

"ಕೇಳೋದೇನೈತವ್ವ? ಹೆಣ್ಮಕ್ಕಳಿಗೆ ಎಂಜಿನ್ ವಿಚಾರ ಏನ್ ಗೊತ್ತಾಕ್ಕತಿ? ನಿನಗ ಒಳ್ಳೇದಾಗ್ಲಿ ಅಂತ ಮಾಡ್ಸೀನಿ."

ಸಿಟ್ಟು ನೆತ್ತಿಗೇರಿತು. ಗಿರಣಿಯ ಹಮಾಲರೆಲ್ಲ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

"ಹೋದ ವರ್ಷ ಅಂಥಾ ಜಬರ್ದಸ್ತ್ ಎತ್ತು, ಕೊಂಬು ಮನಸಿಗೆ ಬರಲಿಲ್ಲ ಅಂತ ಸಂತ್ಯಾಗ ಕೊಳ್ಳದಂಗ ಬಿಟ್ಟು ಬಂದ್ಯಲ್ಲ? ಅದು ಎಳೀತಿರಲಿಲ್ಲೇನು?"

"ಎತ್ತಿಂದು ಬ್ಯಾರೆ. ದಿನಾ ಮುಂಜಾನಿ ಅದರ ಮಾರಿ ನೋಡಬೇಕು."

"ನಾನೂ ದಿನಾ ಇದರಾಗ ಕುಂದ್ರಬೇಕಿತ್ತು!"

ತಪ್ಪು ಮಾಡಿದೆ ಎಂದು ಅವನಿಗೆ ಅನಿಸಲಿಲ್ಲ. ಎತ್ತನ್ನು ಮೆಚ್ಚುವ ಹಕ್ಕು ಅವನಿಗಿತ್ತು. ತಂಗಿಗೆ ಒಂದು ಕಾರನ್ನು ಸುಮ್ಮನೆ ಮೆಚ್ಚುವ ಹಕ್ಕಿರಬಹುದು ಎಂಬುದು ಆ ತಲೆಗೆ ಹೋಗಲೇ ಇಲ್ಲ.

ಮರುದಿನವೇ ಅವನನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಕುರುಗೋಡಿಗೆ ಹೋದೆ. ಹಳೆಯ ಎಂಜಿನ್ ವಾಪಸ್ ಹಾಕು ಎಂದೆ. ಮೇಸ್ತ್ರಿ ಕೈ ಒರೆಸಿಕೊಂಡು ಅಣ್ಣನ ಮುಖ ನೋಡಿದ.

"ಆಗಂಗಿಲ್ರಿ ಅಮ್ಮಾರ. ಇದನ್ನ ಕೂಡ್ಸಾಕ ಮುಂದಿನ ಕಬ್ಬಿಣ ಕೊಯ್ದೀನ್ರಿ. ಹಳೇದು ಗುಜರಿಗೆ ಹೋತು."

ಅತ್ತುಬಿಟ್ಟೆ. ಕೀಲಿಯನ್ನು ಅಣ್ಣನ ಕೈಯಲ್ಲಿ ಹಾಕಿ, ಬಸ್ಸು ಹತ್ತಿ ಬಳ್ಳಾರಿಗೆ ಬಂದೆ.

ಆಮೇಲೆ ಹತ್ತು ವರ್ಷ ಆ ಕಾರು ಅವನ ಹತ್ತಿರವೇ ಓಡಿತು. ಒಂದು ದಿನವೂ ದಾರಿಯಲ್ಲಿ ಕೈಕೊಡಲಿಲ್ಲ. ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಿದ್ದ, ನಾನು ಸೋತೆ ಎಂಬಂತೆ. ನಾನು ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಷ್ಟೋ ಸಲ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿ ಬಾಗಿಲು ತೆರೆದ. ನಾನು ಹತ್ತಲಿಲ್ಲ.