ಶೆಡ್ಡಿನ ಜಗಳ

ಹೊಸ ಕಾರಿನೊಳಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಸೀಟಿನ ಪ್ಲಾಸ್ಟಿಕ್ಕು, ರಬ್ಬರು, ಪೂಜೆಯ ಊದುಬತ್ತಿ ಮೂರೂ ಬೆರೆತದ್ದು. ನಮ್ಮ ಕಾರು ಬಂದ ದಿನ ಅದನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಡಿಯಬೇಕಾಯಿತು. ಹೆಂಡತಿ ಶಾರದೆ ಕಾರನ್ನು ಶೆಡ್ಡಿನೊಳಗೆ ಸಲೀಸಾಗಿಯೇ ತಂದು ನಿಲ್ಲಿಸಿದಳು. ಆದರೆ ಎರಡೂ ಕಡೆ ಗೋಡೆ ಅಡ್ಡಬಂದು ಬಾಗಿಲು ಗೇಣಗಲಕ್ಕಿಂತ ಹೆಚ್ಚು ತೆರೆಯಲಿಲ್ಲ. ಅವಳು ತೆಳ್ಳಗಿದ್ದಾಳೆ, ಹೇಗೋ ನುಸುಳಿದಳು. ನಾನು ಒಳಗೇ ಉಳಿದೆ.

"ಉಸಿರು ಬಿಗಿ ಹಿಡ್ಕೊಂಡು ಬನ್ನಿ" ಎಂದಳು.

ಅದು ಉಸಿರಿನಿಂದ ಆಗುವ ಕೆಲಸವಾಗಿರಲಿಲ್ಲ. ಅವಳು ಮತ್ತೆ ನುಸುಳಿ ಒಳಗೆ ಬಂದು ಕಾರನ್ನು ಹಿಂದಕ್ಕೆ ತೆಗೆದ ಮೇಲೆಯೇ ನಾನು ನೆಲ ಕಂಡದ್ದು. ಶೆಡ್ಡು ಅಗಲ ಮಾಡಿಸಬೇಕೆಂದು ಅಲ್ಲೇ ನಿಂತು ತೀರ್ಮಾನಿಸಿದೆವು.

ನಮ್ಮ ಮನೆ ಇರುವುದು ಗೌರಿಬಿದನೂರಿನಲ್ಲಿ, ರೈಲ್ವೆ ಸ್ಟೇಷನ್ನಿನ ಕಡೆ ಹೋಗುವ ದಾರಿಯಲ್ಲಿ. ಕಟ್ಟಿಸಿದವರು ಅಪ್ಪ. ಸರ್ಕಾರಿ ಇಂಜಿನಿಯರು, ಜೀವಮಾನವಿಡೀ ಸೇತುವೆ, ಮೋರಿಗಳನ್ನು ಕಟ್ಟಿಸಿ ಬೇಸತ್ತು ಮನೆಯೊಂದನ್ನಾದರೂ ಮನಸ್ಸಿಗೆ ಬಂದಂತೆ ಕಟ್ಟಿಸಿದರು. ಎಲ್ಲರ ಮನೆಯ ಮಾಡು ನಡುವೆ ಎದ್ದು ಆಚೀಚೆ ಇಳಿದರೆ ನಮ್ಮದು ಆಚೀಚೆ ಎದ್ದು ನಡುವೆ ಇಳಿದಿದೆ, ತೆರೆದಿಟ್ಟ ಪುಸ್ತಕದ ಹಾಗೆ. ಗೋಡೆಯುದ್ದಕ್ಕೂ ಗಾಜಿನ ಕಿಟಕಿ, ಪಕ್ಕದಲ್ಲಿ ಅಂಥದೇ ಪುಟ್ಟ ಮಾಡಿನ ಕಾರ್ ಶೆಡ್ಡು. ಗೃಹಪ್ರವೇಶಕ್ಕೆ ಬಂದ ಯಜಮಾನರೊಬ್ಬರು ತಲೆಯೆತ್ತಿ ನೋಡಿ, "ಏಮಯ್ಯಾ, ಇಲ್ಲು ತಿರಗೇಸಿ ಕಟ್ಟಿನಾವೇ?" ಎಂದು, ಮನೆಯನ್ನೇ ತಿರುಗಿಸಿ ಕಟ್ಟಿದ್ದೀಯಲ್ಲ ಎಂಬ ಅರ್ಥದಲ್ಲಿ, ತೆಲುಗಿನಲ್ಲಿ ಕೇಳಿದ್ದರಂತೆ. ಅಂದಿನಿಂದ ಊರಿಗೆಲ್ಲ ಅದು ತಲೆಕೆಳಗಿನ ಮನೆ. ಇಂಥ ಮನೆಗೆ 'ಮಿಡ್ ಸೆಂಚುರಿ ಮಾಡರ್ನ್' ಎಂಬ ಗೌರವದ ಹೆಸರಿದೆಯೆಂದು ಈಚೆಗೆ ಶಾರದೆ ಮೊಬೈಲಿನಲ್ಲಿ ತೋರಿಸಿದಳು. ಹೆಸರು ಏನೇ ಇರಲಿ, ಮಳೆ ಬಂದರೆ ನೀರೆಲ್ಲ ನಡುವೆ ನಿಂತು ಸೋರುತ್ತದೆ.

ಶೆಡ್ಡು ಒಡೆಯುವ ಮೊದಲು ಅಕ್ಕನಿಗೆ ಹೇಳಲೇಬೇಕಿತ್ತು. ಕಾರಣ, ನಮ್ಮ ಮನೆಯ ಇತಿಹಾಸದಲ್ಲಿ ಶೆಡ್ಡು ಅಕ್ಕನ ರಾಜ್ಯ.

ಅಕ್ಕ ಪಿಯುಸಿ ಮುಗಿಸಿದಾಗ ಅಜ್ಜಿ, ಅಂದರೆ ಅಪ್ಪನ ಅಮ್ಮ, "ಇನ್ನು ಓದಿದ್ದು ಸಾಕು" ಎಂದಿದ್ದರು. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರದ ಮನೆಯಲ್ಲಿ ಗಂಡೂ ಸಿದ್ಧವಿತ್ತು. ಅಜ್ಜಿಯ ಮಾತಿಗೆ ಎದುರಾಡುವ ಧೈರ್ಯ ಅಪ್ಪನಿಗೆ ಎಂದೂ ಇರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಅಪ್ಪನ ಕಾರು ಬಯಲಲ್ಲಿ ನಿಂತಿದೆ, ಶೆಡ್ಡಿನೊಳಗೆ ಅಕ್ಕನ ಮಂಚ, ಮೇಜು ಸೇರಿವೆ, ಒಳಗಿನಿಂದ ಚಿಲಕ ಬಿದ್ದಿದೆ. ಬಿ.ಎಸ್ಸಿ. ಮುಗಿಯುವವರೆಗೆ ಮದುವೆಯ ಮಾತಿಲ್ಲ, ಅದು ತನ್ನ ರೂಮೆಂದು ಅಕ್ಕ ಒಳಗಿನಿಂದಲೇ ಸಾರಿದಳು. ರೈಲಿನಲ್ಲಿ ಕಾಲೇಜಿಗೆ ಹೋಗುವಾಗ ಬೀಗ ಹಾಕಿಕೊಂಡು ಹೋಗುವಳು, ಬಂದವಳೇ ಚಿಲಕ ಹಾಕಿಕೊಳ್ಳುವಳು.

ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಜಗಳ.

"ಕಾರು ಬಿಸಿಲಲ್ಲಿ ಒಣಗ್ತಾ ಇದೆ, ಆಚೆ ಬಾರಮ್ಮ."

"ಬರಲ್ಲ."

"ಹುಡುಗಿ ಕೇಳ್ತಾ ಇಲ್ಲ, ನಾನೇನು ಮಾಡ್ಲಿ ಹೇಳಮ್ಮ" ಎಂದು ಅಪ್ಪ ಅಜ್ಜಿಯ ಕಡೆ ತಿರುಗಿ ಕೈಚೆಲ್ಲುವರು. ಆಮೇಲೆ ಎಲ್ಲರಿಗೂ ಬೆನ್ನು ಹಾಕಿ, ತಲೆ ತಗ್ಗಿಸಿ, ಬಹಳ ಹೊತ್ತು ಕಾರು ಒರೆಸುವರು. ಸಣ್ಣವನಾದ ನನಗೆ ಅವರು ಅಳುತ್ತಿದ್ದಾರೆಂದೇ ಅನ್ನಿಸುತ್ತಿತ್ತು. ನನ್ನ ಪಾಲಿನ ಕೊಬ್ಬರಿ ಮಿಠಾಯಿಯಲ್ಲಿ ಅರ್ಧ ಮುರಿದು ಅವರಿಗೆ ಕೊಡುತ್ತಿದ್ದೆ.

ಕನಿಕರ ಅಷ್ಟಕ್ಕೇ ನಿಲ್ಲಲಿಲ್ಲ. ಒಮ್ಮೆ ಅಜ್ಜಿ ಚಿಕ್ಕಬಳ್ಳಾಪುರಕ್ಕೆ ಮದುವೆಗೆ ಹೋಗಿದ್ದಾಗ ಇನ್ನೊಂದು ಬೀಗದ ಕೈ ಹುಡುಕಿ ಶೆಡ್ಡು ತೆರೆದು, ಅಕ್ಕನ ಪುಸ್ತಕಗಳನ್ನೆಲ್ಲ ಹೊತ್ತು ಜಗಲಿಗೆ ತಂದಿಟ್ಟೆ. ಅಪ್ಪ ಬಂದು ನೋಡಿ ಅಪ್ಪಿಕೊಳ್ಳುತ್ತಾರೆ ಎಂದು ಕಾದೆ. ಅವರು ಬಂದರು, ನೋಡಿದರು, ನನ್ನ ಬೆನ್ನಿಗೆ ಒಂದು ಬಿಟ್ಟರು. ಆಮೇಲೆ ಪುಸ್ತಕಗಳನ್ನು ತಾವೇ ಹೊತ್ತು ಒಳಗಿಟ್ಟು ಬೀಗ ಹಾಕಿದರು. ಈ ಅನ್ಯಾಯ ನನಗೆ ಬಹುಕಾಲ ಬಗೆಹರಿಯಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಕೆಲಸ ನನ್ನದು. ಎಲ್ಲೆಲ್ಲಿಯ ಯುದ್ಧಗಳಿಗೆ ಕಾರಣ ಬರೆಸಿದೆ, ಇದೊಂದಕ್ಕೆ ಕಾರಣ ಸಿಗಲಿಲ್ಲ.

ಅಕ್ಕ ಡಿಗ್ರಿ ಮುಗಿಸಿದ ಮೇಲೆ ಚಿಂತಾಮಣಿಯಿಂದ ಭಾವ ಹೆಣ್ಣು ನೋಡಲು ಕಾರಿನಲ್ಲಿ ಬಂದರು. ಶೆಡ್ಡು ಅಂದರೆ ಶೆಡ್ಡೇ ಎಂದುಕೊಂಡು ನೇರ ಅದರ ಕಡೆಗೇ ಬಿಟ್ಟರು. ಬಾಗಿಲು ತೆರೆದು ಅಕ್ಕ ನಿಂತಳು. "ಇದು ನನ್ನ ರೂಮು. ಹಿಂದಕ್ಕೆ ತಗೊಳ್ಳಿ." ಭಾವ ತೆಗೆದುಕೊಂಡರು. "ಅವತ್ತು ಹಿಂದಕ್ಕೆ ತಗೊಂಡವನು, ಇನ್ನೂ ಮುಂದಕ್ಕೆ ಬಂದಿಲ್ಲಪ್ಪ" ಎಂದು ಈಗಲೂ ಹೇಳುತ್ತಾರೆ. ಅಕ್ಕ ಟೀಚರಾಗಿ ಊರ ಮಕ್ಕಳಿಗೆಲ್ಲ ವಿಜ್ಞಾನ ಕಲಿಸಿ ನಿವೃತ್ತಳಾದಳು.

ಶೆಡ್ಡು ಒಡೆಯುವ ವಿಷಯಕ್ಕೆ ನಾನು ಫೋನು ಮಾಡಿದ ಮಾರನೆಯ ದಿನವೇ ಇಬ್ಬರೂ ಬಂದರು. ಅಕ್ಕ ಬೇಡವೆಂದರೆ ಏನು ಹೇಳಬೇಕೆಂದು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಅವಳು ಶೆಡ್ಡಿನ ನಡುವೆ ನಿಂತು ಸುತ್ತ ನೋಡಿ ನಕ್ಕಳು.

"ಇಷ್ಟು ಚಿಕ್ಕದಾ ಇದು? ಒಡೆದುಹಾಕೋ."

"ಬೇಜಾರಿಲ್ವೇನೇ? ಇದಕ್ಕಾಗಿ ಅಪ್ಪನ್ನ ಅಷ್ಟು ಕಾಡಿದ್ಯಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದಳು. "ನಿನಗೆ ಇನ್ನೂ ಗೊತ್ತಿಲ್ವೇನೋ? ಶೆಡ್ಡಿಗೆ ಹೋಗು ಅಂದಿದ್ದೇ ಅಪ್ಪ. ಮಂಚ ಎತ್ತಿ ಒಳಗಿಟ್ಟಿದ್ದೂ ಅವರೇ. 'ಕಾರಿನ ಬಣ್ಣ ಹೋದ್ರೆ ಮತ್ತೆ ಹೊಡಿಸಬಹುದು ಕಣಮ್ಮ, ನಿನ್ನ ಓದು ಹೋದ್ರೆ ಬರಲ್ಲ. ನಾನು ಕರೀತೀನಿ, ನೀನು ಬರಲ್ಲ ಅನ್ನು' ಅಂತ ಹೇಳಿಕೊಟ್ಟಿದ್ರು. ಆದರೆ ಅವರ ನಟನೆ ಸಾಲದು. ನಗು ಬಂದುಬಿಡೋದು. ಅದಕ್ಕೇ ಬೆನ್ನು ಹಾಕ್ಕೊಂಡು ಕಾರು ಒರೆಸ್ತಾ ಇದ್ದಿದ್ದು."

ನನ್ನ ಬೆನ್ನು ತಾನಾಗಿಯೇ ಜುಮ್ಮೆಂದಿತು. "ಆಮೇಲಾದ್ರೂ ನನಗೆ ಹೇಳಬಾರದಿತ್ತಾ?"

"ಹೇಳ್ತೀನಿ ಅಂದೆ. ಅಪ್ಪನೇ ಬೇಡ ಅಂದ್ರು. 'ನನ್ನ ಮೇಲೆ ಕನಿಕರ ಪಡೋನು ಈ ಮನೇಲಿ ಅವನೊಬ್ಬನೇ, ಇರ್ಲಿ ಬಿಡು' ಅಂತ."

ಅಪ್ಪ ಎಲ್ಲರಿಗೂ ಸೋಲುವ ಮನುಷ್ಯ ಎಂದು ಎಷ್ಟು ಜನರ ಮುಂದೆ ಹೇಳಿದ್ದೇನೋ ನಾನು.

ಅಲೀಪುರದ ಮೇಸ್ತ್ರಿ ಹುಸೇನ್ ಸಾಬರು ಕೆಲಸ ಹಿಡಿಯುವ ಹೊತ್ತಿಗೆ ನನಗೊಂದು ಸಂಕಟ ಶುರುವಾಗಿತ್ತು. ಗೋಡೆ ಒಡೆಯುವಾಗಲೇ ಶೆಡ್ಡಿನ ಸೋರುವ ಮಾಡನ್ನೂ ತೆಗೆಸಿ ಸಮತಟ್ಟಾಗಿ ಕಾಂಕ್ರೀಟ್ ಮೋಲ್ಡ್ ಹಾಕಿಸೋಣವೆಂದು ಶಾರದೆ ಹಟ ಹಿಡಿದಿದ್ದಳು. ಅಪ್ಪನ ಮಾಡು ಹಾಗೇ ಇರಲಿ ಎಂದು ನನಗೆ ಆಸೆ, ಹೇಳಲು ಬಾಯಿಲ್ಲ. ಮೇಸ್ತ್ರಿಯನ್ನು ಬೀದಿಯ ಟೀ ಅಂಗಡಿಗೆ ಕರೆದೊಯ್ದು ವಿಷಯ ಹೇಳಿದೆ. ಅವರಿಗೆ ಬಹಳ ಹಿಡಿಸಿತು.

ಸಂಜೆ ಶಾರದೆಯ ಎದುರು ನಾನು ಗುಡುಗಿದೆ. "ಮಾಡು ತೆಗೆದು ಮೋಲ್ಡ್ ಹಾಕಲೇಬೇಕು ಸಾಬ್ರೇ."

"ಆಗಲ್ಲ ಸಾರ್. ಮುಟ್ಟಿದ್ರೆ ಮನೆ ಗೋಡೆಗೇ ಬಿರುಕು ಬರುತ್ತೆ. ಅಗಲ ಮಾಡಿ ಇದೇ ಇಳಿಜಾರು ಮುಂದುವರಿಸ್ತೀನಿ, ಸೋರೋದೂ ನಿಲ್ಲಿಸ್ತೀನಿ."

ನಾನು ಮತ್ತೆ ಗುಡುಗಿದೆ, ಅವರು ಮತ್ತೆ ಒಲ್ಲೆನೆಂದರು. ಶಾರದೆ ಇಬ್ಬರನ್ನೂ ನೋಡಿ, "ಹೋಗ್ಲಿ ಬಿಡಿ, ಮಾಡು ಹಾಗೇ ಇರ್ಲಿ" ಎಂದು ಒಳಗೆ ಹೋದಳು. ಅಪ್ಪನ ಮಗನೆಂದು ನನಗೆ ಮೊದಲ ಸಲ ಅನ್ನಿಸಿತು.

ಮೊನ್ನೆ ಕೆಲಸ ಮುಗಿಯಿತು. ಶಾರದೆ ಕಾರನ್ನು ಒಳಗೆ ತಂದು ನಿಲ್ಲಿಸಿದಳು. ಇಬ್ಬರೂ ಆಚೀಚೆ ಆರಾಮವಾಗಿ ಇಳಿದೆವು. ಅವಳು ಮಾಡಿನ ಕಡೆ ನೋಡುತ್ತ, "ಮೇಸ್ತ್ರಿಗೆ ಇನ್ನೊಂದು ಸಲ ರಿಹರ್ಸಲ್ ಮಾಡಿಸಬೇಕಿತ್ತು ರೀ. ನೀವು ಬಾಯಿ ತೆಗೆಯೋ ಮುಂಚೆನೇ ಆಗಲ್ಲ ಅಂತಿದ್ರು" ಎಂದಳು.

"ಗೊತ್ತಿದ್ದೂ ಯಾಕೆ ಒಪ್ಪಿದೆ?"

"ನೇರವಾಗಿ ಕೇಳೋಕೆ ನಿಮಗೆ ಬರಲ್ವಲ್ಲ. ಅಷ್ಟು ಕಷ್ಟಪಟ್ಟು ಜಗಳ ಆಡ್ತಾ ಇದ್ರಿ. ಸುಮ್ನೆ ಬೇಡ ಅನ್ನೋಕೆ ಮನಸ್ಸಾಗಲಿಲ್ಲ."

ಅವಳು ಒಳಗೆ ಹೋದಳು. ನನಗೆ ಏನೋ ಹೊಳೆದು ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ.

"ಅಕ್ಕಾ, ಅಪ್ಪನ ನಟನೆ ಸಾಲದು ಅಂದ್ಯಲ್ಲ. ಅಜ್ಜಿಗೆ ಗೊತ್ತಾಗಿರಲಿಲ್ಲ ಅಂತೀಯಾ?"

 

"ದಿನಾ ಜಗಳ ಮುಗಿಯೋ ಹೊತ್ತಿಗೆ ಸರಿಯಾಗಿ ಅಜ್ಜಿ ನನಗೆ ಅಂತ ಶೆಡ್ಡಿಗೆ ಕಾಫಿ ಕಳಿಸೋರು ಕಣೋ" ಎಂದಳು ಅಕ್ಕ. "ಎರಡು ಲೋಟ."