ಓಕ್ ಕಪಾಟಿನ ಹುಳಿ

ಇಟಲಿಯ ನಮ್ಮ ಲೂಗೊ ಊರಿನಲ್ಲಿ ಅರ್ಧಕ್ಕರ್ಧ ಮುದುಕರು ನಗುವುದು ಇಸೋಲಿನಾ ಬೆರ್ತೋನಿ ಕಟ್ಟಿಕೊಟ್ಟ ಹಲ್ಲಿನಲ್ಲಿ. ಸ್ಟೇಷನ್ ರಸ್ತೆಯ ಹಲ್ಲಿನ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅವಳು ಮೇಣ ತಿದ್ದುತ್ತಾಳೆ, ಅಚ್ಚು ತೆಗೆಯುತ್ತಾಳೆ, ಲೋಹ ಎರೆಯುತ್ತಾಳೆ. ಅವಳು ಮಾತ್ರ ಹಲ್ಲು ಕಾಣುವಂತೆ ನಕ್ಕದ್ದನ್ನು ಕಂಡವರು ಕಡಿಮೆ.

ಲ್ಯಾಬಿನ ಕೆಲಸ ಮುಗಿದ ಮೇಲೆ ಅದೇ ಮೇಜಿನ ಮೇಲೆ ಅವಳ ಇನ್ನೊಂದು ಕೆಲಸ ಶುರುವಾಗುತ್ತದೆ. ಎಪ್ಪತ್ತರ ದಶಕದ ಕೊನೆಗೆ ಟೀವಿಯಲ್ಲಿ ಜಪಾನಿನ ರೋಬೋಗಳು ಬಂದಾಗ ಇಲ್ಲಿನ ಮಕ್ಕಳಿಗೆಲ್ಲ ಹುಚ್ಚು ಹಿಡಿದಿತ್ತು. ಆ ಮಕ್ಕಳಿಗೀಗ ಐವತ್ತು. ತಲೆ ಬೋಳಾದರೂ ಹುಚ್ಚು ಇಳಿದಿಲ್ಲ. ಕೈ ಮುರಿದ, ಬಣ್ಣ ಹೋದ ಬೊಂಬೆಗಳನ್ನು ಶೂ ಡಬ್ಬಿಯಲ್ಲಿಟ್ಟುಕೊಂಡು ಅವಳಲ್ಲಿಗೆ ಬರುತ್ತಾರೆ. ಅವಳು ಬೊಂಬೆಯನ್ನು ಕೆಳತುಟಿಗೆ ಮುಟ್ಟಿಸಿ ನೋಡುತ್ತಾಳೆ. ತಣ್ಣಗಿದ್ದರೆ ಎರಕದ ಸತು, ಇಲ್ಲದಿದ್ದರೆ ಬೆಳ್ಳಿಬಣ್ಣ ಬಳಿದ ಪ್ಲಾಸ್ಟಿಕ್. ಲೋಹಕ್ಕೆ ಹುಳಿ ಆಗದು, ಪ್ಲಾಸ್ಟಿಕ್ಕಿಗೆ ಬಿಸಿಲು ಆಗದು ಎಂದಷ್ಟೇ ಹೇಳಿ ಕಳಿಸುತ್ತಾಳೆ.

ಇದ್ಯಾವುದೂ ಒಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಗೊತ್ತಿರಲಿಲ್ಲ.

ಅಣ್ಣ ನೇವಿಯೊನ ಹತ್ತಿರ ಒಂದು ರೋಬೋ ಇತ್ತು. ಕೆಂಪು ಎದೆ, ಕಪ್ಪು ಕಾಲು, ಹಿಡಿದರೆ ಕಲ್ಲಿನ ಭಾರ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಸೋದರಮಾವ ತಂದುಕೊಟ್ಟದ್ದು. ಅದರ ಎಡಪಾದದಡಿ ನೇವಿಯೊ ಮೊಳೆಯಿಂದ ತನ್ನ ಹೆಸರಿನ ಮೊದಲಕ್ಷರ ಕೊರೆದಿದ್ದ. ಎನ್, ಮೂರು ಗೀಟು. 1980ರ ಜುಲೈಯಲ್ಲಿ ಸಾಂಟೆರ್ನೊ ಹೊಳೆಗೆ ಈಜಲು ಹೋದ ನೇವಿಯೊ ತಿರುಗಿ ಬರಲಿಲ್ಲ. ಅವನಿಗೆ ಹದಿನಾಲ್ಕು ವರ್ಷ.

ಮಣ್ಣು ಮಾಡಿದ ಐದನೇ ದಿನ ಅವನ ಗೆಳೆಯ ದುಯಿಲಿಯೊ ಮನೆಗೆ ಬಂದ. ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಳು. ಇಸೋಲಿನಾ ರೋಬೋ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು.

"ಪುಟ್ಟೀ, ಇದು ಲೋಹ ಕಣೇ," ಎಂದ ದುಯಿಲಿಯೊ. "ನೀನು ಹೀಗೆ ಅಳ್ತಾ ಇದ್ರೆ ಕಣ್ಣೀರು ಬಿದ್ದು ತುಕ್ಕು ಹಿಡಿಯುತ್ತೆ. ಒಂದೇ ವರ್ಷ, ಆಮೇಲೆ ಪುಡಿಪುಡಿ. ತಗೋ, ನನ್ನದು ಪ್ಲಾಸ್ಟಿಕ್. ಇದಕ್ಕೆ ಯಾವ ಕಾಯಿಲೆನೂ ಬರಲ್ಲ."

ನೋಡಲು ಎರಡೂ ಒಂದೇ ಥರ ಇದ್ದವು. ಅಣ್ಣನದು ಪುಡಿಯಾಗಬಾರದೆಂದು ಅವಳು ಕೊಟ್ಟುಬಿಟ್ಟಳು.

ದುಯಿಲಿಯೊ ಈಗ ಟೈಲ್ಸ್ ಅಂಗಡಿಯ ಯಜಮಾನ, ನಮ್ಮೂರ ರೋಬೋ ಸಂಗ್ರಾಹಕರ ಸಂಘದ ಅಧ್ಯಕ್ಷ. ಪ್ರತಿ ನವೆಂಬರಿನಲ್ಲಿ ಸಾನ್ ಮಾರ್ತಿನೊ ಹಬ್ಬದ ಮಧ್ಯಾಹ್ನ ಸಂಘದವರೆಲ್ಲ ಅವನ ಮನೆಯಲ್ಲಿ ಸೇರಿ ಸುಟ್ಟ ಚೆಸ್ಟ್‌ನಟ್ ತಿಂದು, ಹೊಸ ವೈನ್ ಕುಡಿದು, ಅವನ ನಲವತ್ತೊಂದು ರೋಬೋಗಳನ್ನು ನೋಡುತ್ತಾರೆ. ಇಸೋಲಿನಾ ಸಂಘ ಸೇರಿದ ಮೊದಲ ವರ್ಷವೇ ಕೆಂಪು ಎದೆಯ ರೋಬೋವನ್ನು ಕಂಡು ಎಲ್ಲರೆದುರೇ ಕೇಳಿದಳು.

"ದುಯಿಲಿಯೊ, ಇದು ನಮ್ಮ ನೇವಿಯೊಂದು."

"ಅಯ್ಯೋ ಮಾರಾಯ್ತಿ, ಆಗ ಇಂಥವು ಊರು ತುಂಬ ಇದ್ವು."

"ಹಾಗಾದ್ರೆ ಪಾದ ತಿರುಗಿಸಿ ತೋರ್ಸು."

"ನನ್ನ ಬೊಂಬೆ ಕಾಲು ನಿನಗ್ಯಾಕೆ? ನೀನು ಊರವರ ಹಲ್ಲು ನೋಡ್ಕೊಂಡಿರು."

ಎಲ್ಲರೂ ನಕ್ಕರು. ಅವಳು ಒಂದು ಚೆಸ್ಟ್‌ನಟ್ಟಿನ ಸಿಪ್ಪೆಯನ್ನು ಬಹಳ ಹೊತ್ತು ಸುಲಿಯುತ್ತ ಕೂತಳು.

ಕೆಲವು ವರ್ಷಗಳ ನಂತರ ದುಯಿಲಿಯೊ ಹೊಸ ಕಪಾಟು ಮಾಡಿಸಿದ. ಗಟ್ಟಿ ಓಕ್ ಮರ, ದಪ್ಪ ಗಾಜು, ದೂಳು ನುಸುಳದಂತೆ ಬಾಗಿಲಿನ ಅಂಚಿಗೆಲ್ಲ ರಬ್ಬರ್ ಪಟ್ಟಿ. ಅವನು ಜಂಬದಿಂದ ಬಾಗಿಲು ತೆಗೆದಾಗ ಒಳಗಿನಿಂದ ವಿನೆಗರಿನಂಥ ವಾಸನೆ ಬಂತು.

"ಆಹಾ, ಹೊಸ ಮರದ ಘಮ!" ಎಂದ ಕ್ಷೌರಿಕ ಎರ್ಮೆಸ್.

ಓಕ್ ಮರ ವರ್ಷಗಟ್ಟಲೆ ಹುಳಿ ಆವಿ ಬಿಡುತ್ತದೆ. ಕಪಾಟು ಬಿಗಿಯಾಗಿದ್ದರೆ ಆ ಹುಳಿ ಹೊರಗೆ ಹೋಗದೆ ಸತುವನ್ನು ತಿನ್ನುತ್ತದೆ. ಹಗಲಿಡೀ ಆಮ್ಲ, ಲೋಹಗಳ ನಡುವೆ ಕೂರುವ ಇಸೋಲಿನಾಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಎಚ್ಚರಿಸಲು ಬಾಯಿ ತೆರೆದಳು. ನೇವಿಯೊನ ರೋಬೋ ಕೂಡ ಅದೇ ಕಪಾಟಿನೊಳಗೆ, ಎರಡನೇ ಸಾಲಿನಲ್ಲಿತ್ತು. ಬಾಯಿ ಮುಚ್ಚಿಕೊಂಡಳು.

ಮುಂದಿನ ಮೂರು ಹಬ್ಬಗಳಿಗೆ ಅವಳು ಅಂದು ದುಯಿಲಿಯೊ ಕೊಟ್ಟ ಹಳೆಯ ಪ್ಲಾಸ್ಟಿಕ್ ರೋಬೋವನ್ನು ಕೈಚೀಲದಲ್ಲಿ ಹಾಕಿಕೊಂಡೇ ಹೋದಳು. ಮೊದಲ ವರ್ಷ ಗಾಜಿನೊಳಗೆ ಏನೂ ಕಾಣಲಿಲ್ಲ. ಎರಡನೇ ವರ್ಷ ಕೆಂಪು ಎದೆಯ ರೋಬೋವಿನ ಮಂಡಿಯ ಸಂದಿಯಲ್ಲಿ ಹಿಟ್ಟು ಉದುರಿದಷ್ಟು ಬಿಳುಪು. ಮೂರನೇ ವರ್ಷ ದುಯಿಲಿಯೊನೇ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವಳ ಮುಂದಿಟ್ಟ.

"ನೋಡು ಸ್ವಲ್ಪ. ಇದು ಪಿಡುಗು ಅಲ್ಲ ತಾನೇ?"

ಸತುವಿನ ಪಿಡುಗು ಎಂದರೆ ಸಂಘದವರಿಗೆಲ್ಲ ಭಯ. ಕಲಬೆರಕೆ ಸತುವಿನಲ್ಲಿ ಎರೆದ ಬೊಂಬೆ ಒಳಗಿನಿಂದ ಬಿರಿದು ಉದುರುತ್ತದೆ, ಮದ್ದಿಲ್ಲ. ಅದು ಹುಟ್ಟಿನಿಂದಲೇ ಬರುವ ರೋಗ, ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಆದರೆ ಅಂಟುತ್ತದೆ ಎಂದೇ ನಮ್ಮ ಸಂಗ್ರಾಹಕರು ನಂಬಿದ್ದಾರೆ. ಇಸೋಲಿನಾ ಭೂತಗನ್ನಡಿ ಹಿಡಿದು ನೋಡಿದಳು. ಬಿರುಕು ಇರಲಿಲ್ಲ, ಹುಳಿ ಆವಿ ಎಬ್ಬಿಸಿದ ಮೇಲ್ಮೈಯ ಬೂದಿ ಅಷ್ಟೇ.

"ಪಿಡುಗೇ," ಎಂದಳು.

"ಅಯ್ಯೋ ದೇವರೇ. ಉಳಿದವು?"

"ಇದು ಜೊತೆಗಿದ್ರೆ ಹೇಳೋಕಾಗಲ್ಲ."

"ಮೊದ್ಲು ಅದನ್ನ ಆಚೆ ಹಾಕೋ, ಅಧ್ಯಕ್ಷ!" ಎರ್ಮೆಸ್ ತನ್ನ ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡ. "ಒಂದು ಹೋದ್ರೆ ಹೋಯ್ತು, ನಲವತ್ತು ಉಳಿಸ್ಕೋ."

"ನಾನು ತಗೊಂಡು ಹೋಗ್ತೀನಿ," ಎಂದಳು ಇಸೋಲಿನಾ. "ಜಾಗ ಖಾಲಿ ಕಾಣೋದು ಬೇಡ. ಇದಿಟ್ಕೋ."

ಕೈಚೀಲದಿಂದ ಪ್ಲಾಸ್ಟಿಕ್ ರೋಬೋ ತೆಗೆದುಕೊಟ್ಟಳು. ದುಯಿಲಿಯೊ ಅದನ್ನು ಹಿಂದೆಮುಂದೆ ತಿರುಗಿಸಿದ. ಬೆನ್ನಿನ ಮೇಲೆ ಹುಡುಗನಾಗಿದ್ದಾಗ ತಾನೇ ಒಲೆಗೆ ತಾಗಿಸಿ ಸುಟ್ಟ ಕಲೆ ಕಂಡು ಅವನ ಕೈ ನಿಂತಿತು.

"ಇದು..."

"ಪ್ಲಾಸ್ಟಿಕ್. ಇದಕ್ಕೆ ಯಾವ ಕಾಯಿಲೆನೂ ಬರಲ್ಲ."

ಅವನು ಅವಳ ಮುಖ ನೋಡಿದ. ಸುತ್ತ ಕೂತವರು ಅವನನ್ನೇ ನೋಡುತ್ತಿದ್ದರು. ಅವನು ಹೋಗಿ ಅದನ್ನು ಎರಡನೇ ಸಾಲಿನಲ್ಲಿಟ್ಟು, ಬಾಗಿಲು ಹಾಕಿದ.

ಇಸೋಲಿನಾ ಎರಡು ಭಾನುವಾರ ಕೂತು, ಹಲ್ಲಿಗೆ ಮೆರುಗು ಕೊಡುವ ಮೆತ್ತನೆಯ ಬ್ರಷ್ಷಿನಲ್ಲಿ ಮಂಡಿ, ಭುಜ, ಬೆರಳುಗಳ ಬಿಳುಪನ್ನೆಲ್ಲ ತೆಗೆದಳು. ಎಡಪಾದವನ್ನು ಕೊನೆಗೆ ಇಟ್ಟುಕೊಂಡಿದ್ದಳು. ಬಣ್ಣ ಕಿತ್ತುಹೋದ ಕಡೆಯೇ ಹುಳಿ ಮೊದಲು ತಿನ್ನುವುದು. ಮೊಳೆ ಕೊರೆದ ಜಾಗದಲ್ಲಿ ಬೂದಿ ದಪ್ಪಗೆ ಕೂತಿತ್ತು. ಅದನ್ನು ಉಜ್ಜಿದಾಗ ಅದರ ಜೊತೆಗೇ ಅಕ್ಷರವೂ ಬಂತು. ಒಂದೇ ಒಂದು ಗೀಟು ಉಳಿಯಿತು.

ಮಾರ್ಚಿನಲ್ಲಿ ದುಯಿಲಿಯೊ ಫೋನ್ ಮಾಡಿದ.

"ಇಸೋಲಿನಾ, ಇನ್ನೂ ಆರಕ್ಕೆ ಬಿಳುಪು ಬಂದಿದೆ." ಆಮೇಲೆ ದನಿ ತಗ್ಗಿಸಿದ. "ನೀನು ತಗೊಂಡು ಹೋದದ್ದು ನೇವಿಯೊಂದೇ. ನಿನಗೂ ಗೊತ್ತು, ನನಗೂ ಗೊತ್ತು. ಆದ್ರೆ ಪಾದದ ಅಕ್ಷರಾನ ನಾನು ಯಾವತ್ತೂ ಮುಟ್ಲಿಲ್ಲ. ಒರೆಸುವಾಗೆಲ್ಲ ನೋಡ್ತಿದ್ದೆ. ಅಳಿಸೋಕೆ ಮನಸ್ಸು ಬರ್ಲಿಲ್ಲ."

ರೋಬೋ ಅವಳ ಮೇಜಿನ ಮೇಲೆ ನಿಂತಿತ್ತು. ಅವಳು ಅದನ್ನು ಮಲಗಿಸಿ, ಪಾದದಲ್ಲಿ ಉಳಿದ ಒಂದು ಗೀಟಿನ ಮೇಲೆ ಬೆರಳಾಡಿಸಿದಳು.

"ಕೇಳಿಸ್ತಿದೆಯಾ? ಉಳಿದವಕ್ಕೆ ಏನು ಮಾಡ್ಲಿ ಹೇಳು. ಕಪಾಟು ತೆಗೆದಿಡ್ಲಾ?"

"ಬೇಡ," ಎಂದಳು ಇಸೋಲಿನಾ. "ಗಾಳಿ ತಾಗಬಾರ್ದು. ಬಾಗಿಲು ಭದ್ರವಾಗಿ ಮುಚ್ಚಿಡು."

ಫೋನಿಟ್ಟು, ರೋಬೋವನ್ನು ಎತ್ತಿ ಪಾದವನ್ನು ಕೆಳತುಟಿಗೆ ಮುಟ್ಟಿಸಿದಳು. ತಣ್ಣಗಿತ್ತು.