ಸೂಸೈಯ ಬಿಲ್ಲೆ

ಸತ್ತವನೊಬ್ಬನಿಗೆ ಸವಾಲು ಹಾಕಿದ್ದು ನಾನು ಮಾಡಿದ ಪೆದ್ದುತನಗಳಲ್ಲೆಲ್ಲ ದೊಡ್ಡದು. ಚಿಕ್ಕಪುಟ್ಟವು ಬೇಕಾದಷ್ಟಿವೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲು ಬಿಟ್ಟು ಚೆನ್ನೈ ಕಡೆಯ ರೈಲು ಹತ್ತಿ, ಬೋಗಿಯಲ್ಲಿದ್ದವರಿಗೆಲ್ಲ ನೀವೇ ತಪ್ಪು ರೈಲು ಹತ್ತಿದ್ದೀರಿ ಎಂದು ಆಂಧ್ರದ ಕುಪ್ಪಂ ಬರುವವರೆಗೂ ವಾದ ಮಾಡಿದವನು ನಾನು. ಆದ್ದರಿಂದ ಮುಂದಿನದನ್ನು ನೀವು ನಂಬದಿದ್ದರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ದೇವರು, ದೆವ್ವ, ಸತ್ತ ಮೇಲಿನ ಬದುಕು, ಯಾವುದೇ ಇರಲಿ, ಮೊದಲು ಸಾಕ್ಷಿ ತೋರಿಸಿ ಎನ್ನುವ ಗಿರಾಕಿ ನಾನು.

ಕೆಲವು ವರ್ಷಗಳ ಹಿಂದಿನ ಮಾತು. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿನಿಂದ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ಗೆ ಎರಡು ಹೊತ್ತೂ ಬೈಕಿನಲ್ಲಿ ಹಾಲು ಹಾಕುತ್ತಿದ್ದೆ. ಕೊನೆಯ ಮನೆ ದೇವಸಹಾಯಂ ತಾತನದು. ಗಣಿಯಲ್ಲಿ ದುಡಿದು ಎದೆ ತುಂಬ ಧೂಳು ತುಂಬಿಕೊಂಡವರು. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಅವರ ಹೆಂಡತಿ ರೋಸಮ್ಮಜ್ಜಿಗೆ ಗುಟ್ಟಾಗಿ ಹೇಳಿದ್ದರು. ಅಜ್ಜಿ ನನಗೆ ಗುಟ್ಟಾಗಿ ಹೇಳಿದರು. ತಾತನಿಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಿತ್ತು.

ಆ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಶಿಲುಬೆ, ಅದರ ಕೆಳಗೆ ಒಂದು ಮೊಳೆ, ಮೊಳೆಯಲ್ಲಿ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ತಾತನ ತಮ್ಮ ಸೂಸೈಯದು. ಆ ಕಾಲದಲ್ಲಿ ಗಣಿಗೆ ಇಳಿಯುವವನು ತನ್ನ ಬಿಲ್ಲೆಯನ್ನು ಜೊತೆಗೆ ಒಯ್ಯಬೇಕಿತ್ತಂತೆ, ಮೇಲೆ ಬಂದ ಮೇಲೆ ಬೋರ್ಡಿನ ಮೊಳೆಗೆ ನೇತುಹಾಕಬೇಕಿತ್ತಂತೆ. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಬಂಡೆ ಕುಸಿದು ಸೂಸೈ ಸತ್ತಾಗ ಅವನ ಜೇಬಿನಲ್ಲಿದ್ದ ಬಿಲ್ಲೆ ಅಣ್ಣನ ಕೈಗೆ ಬಂತು. ಅಣ್ಣ ಅದನ್ನು ಮನೆಯ ಮೊಳೆಗೆ ಹಾಕಿದರು.

ಸಂಜೆ ಹಾಲು ಹಾಕಿ ಕೂತರೆ ನಮ್ಮಿಬ್ಬರಿಗೂ ಒಂದೇ ವಾದ, ಸತ್ತವರು ಎದ್ದು ಬರುತ್ತಾರೋ ಇಲ್ಲವೋ ಎಂದು. ಕಲ್ಲು ಸರಿದಿತ್ತು, ಸಮಾಧಿ ಖಾಲಿಯಿತ್ತು, ಎದ್ದು ಬಂದ ಯೇಸುವನ್ನು ಕಂಡವರು ಜೀವ ಹೋದರೂ ಮಾತು ಬದಲಿಸಲಿಲ್ಲ ಎನ್ನುವುದು ತಾತನ ಪಟ್ಟು.

“ಸುಳ್ಳಿಗೋಸ್ಕರ ಯಾವನಾನ ಪ್ರಾಣ ಕೊಡ್ತಾನಾ ತಂಬಿ?”

“ಕಂಡೋರೆಲ್ಲ ಅವ್ರ ಕಡೆಯೋರೇ ಅಲ್ವಾ ತಾತ? ಬೇರೆ ಕಡೆಯೋನು ಒಬ್ಬ ಬ್ಯಾಡ್ವಾ?”

“ಖಾಲಿ ಸಮಾಧಿ ಮೊದ್ಲು ಕಂಡೋರು ಎಂಗಸ್ರು ಕಣೋ. ಅವ್ರ ಮಾತನ್ನ ಅವ್ರ ಕಡೆಯೋರೇ ನಂಬ್ಲಿಲ್ಲ. ಕಥೆ ಕಟ್ಟೋನು ಯಾರೂ ನಂಬ್ದಿರೋ ಸಾಕ್ಷಿನಾ ಮುಂದಕ್ಕೆ ತರ್ತಾನಾ?”

ತಾತ ಗೆದ್ದ ಖುಷಿಯಲ್ಲಿ ಗೋಡೆಯ ಕಡೆ ಕೈ ತೋರಿಸಿದರು.

“ನಮ್ಮ ಸೂಸೈನೂ ಅಂಗೇ ಮ್ಯಾಲೆ ಬಂದವ್ನೆ. ನೋಡು, ಬಿಲ್ಲೆ ಮೊಳೆ ಮ್ಯಾಲೈತೆ.”

“ಅದನ್ನ ನೇತಾಕಿದ್ದು ನೀನೇ ಅಲ್ವಾ ತಾತ.”

ತಾತನಿಗೆ ಕೆಮ್ಮು ಹತ್ತಿತು. ಅದು ನಿಂತ ಮೇಲೆ ಮೆಲ್ಲಗೆ ಅಂದರು: “ಅದೇ ತಂಬಿ, ನಂಗೂ ತಲೇಲಿ ಕೊರೀತಾ ಇರೋದು. ನಾನಲ್ದೆ ಬೇರೆ ಯಾರಾನ ನೇತಾಕಿದ್ರೆ ನೆಮ್ಮದಿಯಾಗಿ ಓಗ್ಬೋದಿತ್ತು.”

ಮರ್ಯಾದಸ್ಥನಾದವನು ಅಲ್ಲಿಗೆ ಬಾಯಿ ಮುಚ್ಚುತ್ತಿದ್ದ. ನಾನು ಎದ್ದು ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡೆ. “ಸರಿ, ಇದನ್ನ ನಾನು ತಗೊಂಡೋಗ್ತೀನಿ. ನಿನ್ ತಮ್ಮ ಮ್ಯಾಲೆ ಬಂದಿದ್ರೆ ಅವನೇ ಬಂದು ನೇತಾಕ್ಲಿ.” ಅಜ್ಜಿಯಾದರೂ ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ತಾತ ಖಾಲಿ ಮೊಳೆಯನ್ನೇ ನೋಡುತ್ತಾ ಕೂತರು.

ಮನೆಗೆ ಬಂದು, ಹಾಲಿನ ಕ್ಯಾನಿನ ಮೇಲೆ ಹೆಸರು ಬರೆಯಲು ಕೆಂಪು ಬಣ್ಣದ ಡಬ್ಬಿ ತೆಗೆದೆ. ಮುಚ್ಚಳ ಬರಲಿಲ್ಲ. ಕೈಗೆ ಸಿಕ್ಕಿದ್ದು ಆ ಬಿಲ್ಲೆ. ಅದರಿಂದಲೇ ಮೀಟಿದೆ. ಅಂಚಿಗೆ ಬಣ್ಣ ಮೆತ್ತಿಕೊಂಡಿತು. ನೋಡಿದ ಅಮ್ಮ, “ಸತ್ತೋರ ವಸ್ತುನ ಮನೆಗ್ಯಾಕ್ಲಾ ತಂದೆ, ಬುದ್ದಿಗೆಟ್ಟೋನೆ” ಎಂದು ಬೈದರು. ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಮುಚ್ಚಿ ಅಟ್ಟದ ಮೇಲಿಟ್ಟೆ. ಬೆಳಿಗ್ಗೆ ವಾಪಸ್ ಕೊಟ್ಟು ತಪ್ಪಾಯಿತು ಎಂದುಬಿಡೋಣ ಅಂದುಕೊಂಡೆ.

ಬೆಳಿಗ್ಗೆ ಡಬ್ಬದಲ್ಲಿ ಬಿಲ್ಲೆ ಇರಲಿಲ್ಲ. ಅಂಗಿ, ಹಾಸಿಗೆ, ಬೂಸಾ ಚೀಲ, ಹಸುವಿನ ಗೊಂತು, ಎಲ್ಲ ಹುಡುಕಿದೆ. ಅಮ್ಮ ಮುಟ್ಟಿಲ್ಲವೆಂದರು. ದಾರಿಯುದ್ದಕ್ಕೂ ಯಾವ ಸುಳ್ಳು ಹೇಳುವುದೆಂದು ಯೋಚಿಸುತ್ತಾ ಹೋದೆ. ಅಜ್ಜಿ ಬಾಗಿಲು ತೆಗೆದು ಪಾತ್ರೆ ತರಲು ಒಳಗೆ ಹೋದರು. ನಾನು ತಲೆಯೆತ್ತಿ ನೋಡಿದೆ.

ಬಿಲ್ಲೆ ಮೊಳೆಯ ಮೇಲಿತ್ತು.

ಮುಟ್ಟಿದೆ. ಅಂಚಿನಲ್ಲಿ ಕೆಂಪು ಬಣ್ಣ. ಇನ್ನೂ ಪೂರ್ತಿ ಒಣಗಿರಲಿಲ್ಲ, ನನ್ನ ಬೆರಳಿಗೆ ಹತ್ತಿತು.

“ತಾತ, ಇದನ್ನ ನಾನು ನೇತಾಕ್ಲಿಲ್ಲ.”

ತಾತ ಮಂಚದ ಮೇಲಿಂದ ನೋಡಿದರು. “ಒಳಕ್ಕೆ ಬತ್ತಾ ನೀನೇ ನೇತಾಕ್ದೆ. ಇರ್ಲಿ ಬಿಡು ತಂಬಿ.”

“ನಮ್ಮಮ್ಮನಾಣೆ ತಾತ.”

“ಓದ್ ತಿಂಗ್ಳು ಆಲಿನ ಕ್ಯಾನಲ್ಲಿ ಮೀನು ಸಿಕ್ತು ಅಂದಾಗ್ಲೂ ನಿಮ್ಮಮ್ಮನ ಮ್ಯಾಲೇ ಆಣೆ ಇಟ್ಟಿದ್ದೆ.”

ಬಾಯಿ ಹೀಗೆ ಹೇಳುತ್ತಿದ್ದರೂ ಅವರ ಕಣ್ಣು ನನ್ನ ಮುಖ ಬಿಡಲಿಲ್ಲ. ಆ ಮನುಷ್ಯ ಬೇಡಿಕೊಂಡಿದ್ದ ಗುರುತು ಎದುರಿಗೇ ನೇತಾಡುತ್ತಿತ್ತು. ಅದಕ್ಕೆ ಇದ್ದ ಒಬ್ಬನೇ ಸಾಕ್ಷಿ ಊರಿಗೆಲ್ಲ ಗೊತ್ತಿದ್ದ ಸುಳ್ಳುಬುರುಕ. ಬಣ್ಣ ತೋರಿಸಿದೆ, ಬೆರಳು ತೋರಿಸಿದೆ, ಡಬ್ಬದ ಕಥೆ ಹೇಳಿದೆ. ಹೇಳಿದಷ್ಟೂ ಅದು ನನಗೇ ಕಟ್ಟುಕಥೆಯಂತೆ ಕೇಳಿಸಿತು.

ಆಮೇಲೆ ನಾನು ಯಾರನ್ನೂ ಅನುಮಾನಿಸದೆ ಬಿಡಲಿಲ್ಲ. ಅಮ್ಮ ಯಾರ ಕೈಲಾದರೂ ಕಳಿಸಿದರೇ? ಆದರೆ ಅಮ್ಮನಿಗೆ ಆ ಮನೆ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಅಜ್ಜಿಯ ಹತ್ತಿರ ಇನ್ನೊಂದು ಬಿಲ್ಲೆ ಇತ್ತೇ? ಹಾಗಾದರೆ ನಮ್ಮನೆಯ ಬಣ್ಣ ಅದಕ್ಕೆ ಹೇಗೆ ಬಂತು? ಕೊನೆಗೆ ಉಳಿದವನು ನಾನೇ. ನಿದ್ದೆಗಣ್ಣಲ್ಲಿ ಜೇಬಿಗೆ ಹಾಕಿಕೊಂಡು ಹೋಗಿ ನಾನೇ ನೇತುಹಾಕಿ ಮರೆತೆನೇ? ಬೈಕನ್ನು ಕ್ಯಾಸಂಬಳ್ಳಿಯಲ್ಲಿ ನಿಲ್ಲಿಸಿ, ನಡೆದು ಮನೆಗೆ ಬಂದು, ಬೈಕು ಕಳುವಾಯಿತು ಎಂದು ಕೂಗಾಡಿದವನು ನಾನು. ಆದರೂ ಇದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಇವತ್ತಿಗೂ ಒಪ್ಪಿಲ್ಲ.

ಎರಡು ವಾರ ಕಳೆಯುವುದರೊಳಗೆ ತಾತ ತೀರಿಕೊಂಡರು. ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ, ಹಾಲು ಹಾಕಲು ಹೋದಾಗ ಅಜ್ಜಿ ನನ್ನನ್ನು ಕೂರಿಸಿ ಹೇಳಿದರು:

“ಅವತ್ತು ಬೆಳಿಗ್ಗೆ ನೀನು ಓದ್ಮೇಲೆ ಅವ್ರು ಕೇಳುದ್ರಪ್ಪ, ಆ ಉಡುಗ ಬರೋಕ್ ಮುಂಚೆನೇ ಬಿಲ್ಲೆ ಮೊಳೇಲಿ ಇತ್ತಾ ಅಂತ. ಇತ್ತು, ನಾನು ಕಣ್ಣಾರೆ ನೋಡ್ದೆ ಅಂದೆ. ಅದಾದ್ಮೇಲೆ ಒಂದಿನಾನೂ ಆ ಮಾತು ಎತ್ಲಿಲ್ಲ. ನಿಶ್ಚಿಂತೆಯಾಗಿ ಓದ್ರು.”

ಕೊನೆಗೂ ಇನ್ನೊಂದು ಸಾಕ್ಷಿ ಸಿಕ್ಕಿತು ಎಂದು ಅಜ್ಜಿಯ ಕೈ ಹಿಡಿದುಕೊಂಡೆ. “ಅಂಗಾದ್ರೆ ನೀನೂ ನೋಡ್ದಾ ಅಜ್ಜಿ?”

ಅಜ್ಜಿ ನನ್ನ ಕೆನ್ನೆ ತಟ್ಟಿದರು.

“ನಾನೆಲ್ಲಪ್ಪ ನೋಡ್ದೆ? ಅವ್ರಿಗೋಸ್ಕರ ನೀನು ಅಷ್ಟು ದೂರದಿಂದ ತಂದು ನೇತಾಕಿ ಆಣೆನೂ ಇಟ್ಟೆ. ಕಟ್ಕೊಂಡೋಳು ನಾನು ಒಂದು ಸುಳ್ಳು ಏಳ್ಬಾರ್ದಾ?”